ಸೈಕಲ್ ಬಿಡಿಭಾಗದ ಕಂಪನಿ ಷೇರು ಕೊಳ್ಳಬಹುದಾ? ರಾಕ್‌ಶಾಕ್ಸ್‌ನಿಂದ ಫಾಕ್ಸ್‌ವರೆಗಿನ ಕತೆ

2011ರ ಮೇ ತಿಂಗಳಲ್ಲಿ ಶಿಕಾಗೋದ ಸ್ರಾಮ್ ಕಂಪನಿ ಐಪಿಒಗೆ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರಲು, ಅರ್ಜಿ ಹಾಕಿತು. 30 ಕೋಟಿ ಡಾಲರ್‌ವರೆಗೆ ಎತ್ತುವ ಯೋಚನೆ. ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಹತ್ತುವವರ ಸೈಕಲ್‌ಗಳನ್ನು ಬಗ್ಗಿ ನೋಡಿದರೆ ಗೇರಿನ ಮೇಲೆ ಕಾಣುವ ಹೆಸರು ಹೆಚ್ಚುಕಮ್ಮಿ ಎರಡೇ, ಶಿಮಾನೋ ಇಲ್ಲವೇ ಸ್ರಾಮ್. ಆ ಎರಡನೆಯ ಹೆಸರಿನ ಷೇರು ಮಾರಾಟಕ್ಕೆ ಬರುತ್ತದೆ ಅಂದರೆ ಸೈಕಲ್ ಪ್ರೀತಿ ಇರುವವರ ಕಿವಿ ನೆಟ್ಟಗಾಗುವುದು ಸಹಜ. ಗೇರು ಇಷ್ಟು ಚೆನ್ನಾಗಿದೆ, ಷೇರೂ ಚೆನ್ನಾಗಿರಬೇಕು ಅಲ್ವಾ?

ಈ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಉತ್ತರ ಬೇಕಿದ್ದರೆ ಅಲ್ಲಿಂದ 15 ವರ್ಷ ಹಿಂದಕ್ಕೆ ಹೋಗಬೇಕು.

ರಾಕ್‌ಶಾಕ್ಸ್ ಅಂತ ಒಂದು ಕಂಪನಿ. ಪಾಲ್ ಟರ್ನರ್ 1989ರಲ್ಲಿ ಕಟ್ಟಿದ್ದು. ಅವರು ಮೊದಲು ಮೋಟೋಕ್ರಾಸ್ ಬೈಕುಗಳ ಮೆಕ್ಯಾನಿಕ್ ಆಗಿದ್ದವರು. ಮೋಟಾರ್‌ಸೈಕಲ್‌ಗೆ ಮುಂದೆ ಕುಲುಕಾಟ ತಡೆಯುವ ಶಾಕ್ ಇರುವಾಗ ಕಲ್ಲುಗುಡ್ಡದಲ್ಲಿ ಓಡುವ ಸೈಕಲ್‌ಗೆ ಯಾಕಿಲ್ಲ ಅನ್ನುವುದು ಅವರ ಯೋಚನೆ. ಆರ್‌ಎಸ್-1 ಅನ್ನುವ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಮಾಡಿದರು. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಮೊದಲ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಇಳಿಜಾರಿನ ರೇಸ್ ಗೆದ್ದ ಗ್ರೆಗ್ ಹರ್ಬೋಲ್ಡ್ ಸೈಕಲ್‌ನಲ್ಲಿ ಇದ್ದದ್ದು ಅದೇ ಫೋರ್ಕ್. ಅಲ್ಲಿಂದ ಮುಂದೆ ಆರೇಳು ವರ್ಷ ಆ ಕಂಪನಿ ಹಿಂದೆ ತಿರುಗಿ ನೋಡಲಿಲ್ಲ. ಮೌಂಟನ್ ಬೈಕ್ ಕೊಂಡವರೆಲ್ಲ ಶಾಕ್ ಇರುವ ಫೋರ್ಕನ್ನೇ ಕೇಳತೊಡಗಿದರು.

1996ರ ಅಕ್ಟೋಬರಿನಲ್ಲಿ ರಾಕ್‌ಶಾಕ್ಸ್ ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಬಂತು. ಷೇರಿಗೆ 15 ಡಾಲರ್. ವರ್ಷದ ಮಾರಾಟ 10 ಕೋಟಿ ಡಾಲರ್ ಮುಟ್ಟುತ್ತಿದ್ದ ಹೊತ್ತು ಅದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಕಂಪನಿ ಸಿಗುವುದು ಕಷ್ಟ.

ಆಮೇಲೆ ಏನಾಯಿತು? ಫೋರ್ಕ್ ಕೆಡಲಿಲ್ಲ. ಮೌಂಟನ್ ಬೈಕ್ ಹುಚ್ಚು ಮಾತ್ರ ತಣ್ಣಗಾಯಿತು. ಶಾಕ್ ಫೋರ್ಕ್ ಅಗ್ಗದ ಸೈಕಲ್‌ಗೂ ಬಂದು ಮಾಮೂಲಿ ಸಾಮಾನಾಯಿತು. ತೈವಾನಿನ ಕಾರ್ಖಾನೆಗಳು ಕಡಿಮೆ ಬೆಲೆಗೆ ಮಾಡಿಕೊಡತೊಡಗಿದವು, ರಾಕ್‌ಶಾಕ್ಸ್ ಮಾತ್ರ ದುಬಾರಿ ಸ್ಯಾನ್ ಹೋಸೆಯಲ್ಲೇ ತಯಾರಿಸುತ್ತಿತ್ತು, ಕೊನೆಗೆ ಖರ್ಚು ತಾಳಲಾರದೆ ಕೊಲರಾಡೋಗೆ ಗಂಟುಮೂಟೆ ಕಟ್ಟಿತು. 15 ಡಾಲರಿನ ಷೇರು ಕೆಲವೇ ವರ್ಷಗಳಲ್ಲಿ ಒಂದೆರಡು ಡಾಲರಿಗೆ ಇಳಿಯಿತು. 2002ರಲ್ಲಿ ಕಂಪನಿಯನ್ನು ಕೊಂಡದ್ದು ಇದೇ ಸ್ರಾಮ್. ಷೇರುದಾರರ ಕೈಗೆ ಬಂದದ್ದು ಷೇರಿಗೆ ಅರ್ಧ ಡಾಲರ್‌ಗಿಂತ ಕಡಿಮೆ.

ಈ ಕತೆಯಲ್ಲಿ ನನಗೆ ಬಹಳ ಬೇಸರ ತರುವುದು ಇದಲ್ಲ, ಇದರ ಮುಂದಿನದ್ದು. ರಾಕ್‌ಶಾಕ್ಸ್ ಫೋರ್ಕ್ ಇವತ್ತಿಗೂ ಇದೆ. ತುಂಬಾ ಚೆನ್ನಾಗಿಯೂ ಇದೆ. ಸ್ರಾಮ್ ಕೈಗೆ ಹೋದ ಮೇಲೆ ತಯಾರಿಕೆ ತೈವಾನ್‌ಗೆ ಹೋಗಿ ಅದು ಮತ್ತೆ ಎದ್ದು ನಿಂತಿತು. ಅದನ್ನು ನಂಬಿ 1996ರಲ್ಲಿ ದುಡ್ಡು ಹಾಕಿದವರಿಗೆ ಮಾತ್ರ ಆ ಏಳಿಗೆಯಲ್ಲಿ ಒಂದು ಪೈಸೆ ಪಾಲು ಸಿಗಲಿಲ್ಲ.

ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ಬಿಡಿಭಾಗದ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು. ನಾವು ಅಂಗಡಿಗೆ ಹೋಗಿ ಕೊಳ್ಳುವ ಚೈನು, ಬ್ರೇಕ್ ಪ್ಯಾಡು ಆ ಕಂಪನಿಗಳಿಗೆ ಸಣ್ಣ ಪಾಲು. ದೊಡ್ಡ ಪಾಲು ಬರುವುದು ಟ್ರೆಕ್, ಜೈಂಟ್, ಸ್ಪೆಷಲೈಸ್ಡ್ ಥರದ ಸೈಕಲ್ ಕಂಪನಿಗಳಿಂದ. ಮುಂದಿನ ವರ್ಷದ ಮಾಡೆಲ್‌ಗೆ ಯಾವ ಗೇರು, ಯಾವ ಫೋರ್ಕು ಅಂತ ಅಲ್ಲಿ ಕೂತ ಕೆಲವೇ ಜನ ತೀರ್ಮಾನ ಮಾಡುತ್ತಾರೆ. ಅವರು ಹೂಂ ಅಂದರೆ ಲಕ್ಷಗಟ್ಟಲೆ ಆರ್ಡರ್. ಉಹುಂ ಅಂದರೆ ಒಂದು ಇಡೀ ವರ್ಷ ಹೋಯಿತು. ಸವಾರನಿಗೆ ಎಷ್ಟೇ ಇಷ್ಟವಾದರೂ ದುಡ್ಡು ಕೊಡುವ ಗಿರಾಕಿ ಸವಾರನಲ್ಲ.

ಇದರ ಪೆಟ್ಟು ಸ್ರಾಮ್‌ಗೆ ಚಿಕ್ಕಂದಿನಲ್ಲೇ ಬಿದ್ದಿತ್ತು. 1987ರಲ್ಲಿ ಶುರುವಾದ ಕಂಪನಿ, ಸ್ಕಾಟ್, ರೇ, ಸ್ಯಾಮ್ ಅನ್ನುವ ಮೂವರ ಹೆಸರು ಸೇರಿಸಿ ಇಟ್ಟ ಹೆಸರು. ಹಿಡಿಕೆ ತಿರುಗಿಸಿ ಗೇರು ಹಾಕುವ ಗ್ರಿಪ್ ಶಿಫ್ಟ್ ಒಂದೇ ಅವರ ಸರಕು. ಆಗ ಶಿಮಾನೋ ತನ್ನ ಎಲ್ಲ ಭಾಗಗಳನ್ನೂ ಒಟ್ಟಿಗೆ ಕೊಳ್ಳುವ ಸೈಕಲ್ ಕಂಪನಿಗಳಿಗೆ ರಿಯಾಯಿತಿ ಕೊಡುತ್ತಿತ್ತು. ನಡುವೆ ಸ್ರಾಮ್‌ನ ಶಿಫ್ಟರ್ ಒಂದನ್ನು ಸೇರಿಸಿದರೆ ಇಡೀ ಸೆಟ್‌ನ ರಿಯಾಯಿತಿ ಹೋಗುತ್ತದೆ ಅನ್ನುವಾಗ ಯಾವ ಸೈಕಲ್ ಕಂಪನಿ ತಾನೇ ಸ್ರಾಮ್ ಕಡೆ ನೋಡುತ್ತದೆ? ಸ್ರಾಮ್ 1990ರಲ್ಲಿ ಕೋರ್ಟಿಗೆ ಹೋಯಿತು, ಮರುವರ್ಷ ರಾಜಿಯಾಯಿತು. ಸ್ರಾಮ್ ಪಾಠ ಕಲಿಯಿತು. ಒಂದೇ ಭಾಗ ಮಾಡಿಕೊಂಡು ಬದುಕಲಾಗದು, ಇಡೀ ಸೆಟ್ ಬೇಕು. 1997ರಲ್ಲಿ ಜರ್ಮನಿಯ ಸಾಕ್ಸ್‌ನ ಸೈಕಲ್ ವಿಭಾಗ, 2002ರಲ್ಲಿ ರಾಕ್‌ಶಾಕ್ಸ್, 2004ರಲ್ಲಿ ಬ್ರೇಕಿನ ಅವಿಡ್ ಮತ್ತು ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಟ್ರೂವೇಟಿವ್, 2007ರಲ್ಲಿ ಚಕ್ರದ ಜಿಪ್. ಹೀಗೆ ಒಂದೊಂದಾಗಿ ಕೊಂಡು ಕೊಂಡು ಅದು ಶಿಮಾನೋ ಎದುರು ನಿಲ್ಲುವ ಕಂಪನಿಯಾಯಿತು.

ಕಷ್ಟಪಟ್ಟು ಮೇಲೆ ಬಂದ ಇಂಥ ಕಂಪನಿಯ ಬಗ್ಗೆ ನನಗೆ ಗೌರವವಿದೆ. ಆದರೂ 2011ರ ಆ ಅರ್ಜಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ. ಈಗಲೇ ಯಾಕೆ?

2008ರಲ್ಲಿ ಲೆಹ್ಮನ್ ಬ್ರದರ್ಸ್ ಬ್ಯಾಂಕಿನ ಹೂಡಿಕೆ ವಿಭಾಗ ಸ್ರಾಮ್‌ನಲ್ಲಿ 23 ಕೋಟಿ ಡಾಲರ್‌ಗೂ ಜಾಸ್ತಿ ಹಾಕಿತ್ತು. ಅದೇ ಸೆಪ್ಟೆಂಬರಿನಲ್ಲಿ ಲೆಹ್ಮನ್ ದಿವಾಳಿಯಾಯಿತು. ಆ ವಿಭಾಗ ಆಮೇಲೆ ಟ್ರೈಲ್ಯಾಂಟಿಕ್ ಅನ್ನುವ ಹೆಸರಿನಲ್ಲಿ ಬೇರೆಯಾಗಿ ನಿಂತಿತು. ಇಂಥ ಫಂಡುಗಳು ಸೈಕಲ್ ಮೇಲಿನ ಪ್ರೀತಿಗೆ ಬರುವುದಿಲ್ಲ, ಕೆಲವು ವರ್ಷ ಇದ್ದು ತಮ್ಮ ಪಾಲು ಮಾರಿ ಹೊರಡುವುದೇ ಅವುಗಳ ಕೆಲಸ. ಅದರಲ್ಲಿ ತಪ್ಪೇನಿಲ್ಲ. ಹೊರಡುವವರು ಬೆಲೆ ಚೆನ್ನಾಗಿರುವಾಗಲೇ ಹೊರಡುತ್ತಾರೆ ಅನ್ನುವುದು ಮಾತ್ರ ಕೊಳ್ಳುವವರಿಗೆ ನೆನಪಿರಬೇಕು. 2009ರ ಹಿಂಜರಿತದಲ್ಲಿ ಖಾಲಿಯಾದ ಗೋದಾಮುಗಳನ್ನು ಸೈಕಲ್ ಕಂಪನಿಗಳು 2010ರಲ್ಲಿ ಮತ್ತೆ ತುಂಬಿಕೊಂಡವು, ಸ್ರಾಮ್ ಮಾರಾಟ 50 ಕೋಟಿ ಡಾಲರ್ ದಾಟಿತು, ಅರ್ಜಿ ಬಿದ್ದದ್ದು ಆ ಒಳ್ಳೆಯ ವರ್ಷದ ಲೆಕ್ಕ ಕೈಯಲ್ಲಿದ್ದಾಗ. ರಾಕ್‌ಶಾಕ್ಸ್ ಬಂದದ್ದೂ ಅಂಥದ್ದೇ ಒಳ್ಳೆಯ ಹೊತ್ತಿನಲ್ಲಿ.

2011ರ ಆಗಸ್ಟಿನಲ್ಲಿ ಅಮೆರಿಕದ ಸಾಲದ ರೇಟಿಂಗ್ ಇಳಿಯಿತು, ಯುರೋಪಿನ ಸಾಲದ ಗಲಾಟೆಯೂ ಸೇರಿ ಮಾರುಕಟ್ಟೆ ಅಲ್ಲಾಡಿತು. ಸ್ರಾಮ್ ಐಪಿಒ ಆಗಲೇ ಇಲ್ಲ. 2013ರ ಡಿಸೆಂಬರಿನಲ್ಲಿ, ಚಳಿಯಲ್ಲಿ ಒತ್ತಡ ಹಿಡಿಯದ ತೊಂದರೆ ಕಂಡುಬಂದು, ಸ್ರಾಮ್ ತನ್ನ ರೋಡ್ ಬೈಕ್ ಹೈಡ್ರಾಲಿಕ್ ಬ್ರೇಕುಗಳನ್ನೆಲ್ಲ ವಾಪಸ್ ಕರೆಯಿತು. ಸುಮಾರು 19 ಸಾವಿರ ಬ್ರೇಕ್ ಸೆಟ್‌ಗಳು. ಖಾಸಗಿ ಕಂಪನಿಯಾಗಿದ್ದರಿಂದ ತನ್ನ ಪಾಡಿಗೆ ಸರಿಮಾಡಿಕೊಂಡಿತು. ಲಿಸ್ಟ್ ಆಗಿದ್ದರೆ ಆ ವಾರ ಷೇರುದಾರರ ಗತಿ ಏನಾಗುತ್ತಿತ್ತು ಅಂತ ಊಹಿಸಿಕೊಳ್ಳಿ.

ಅದೇ 2013ರ ಆಗಸ್ಟಿನಲ್ಲಿ ಫಾಕ್ಸ್ ಷೇರುಪೇಟೆಗೆ ಬಂತು. ಬಾಬ್ ಫಾಕ್ಸ್ 1974ರಲ್ಲಿ ಮೋಟೋಕ್ರಾಸ್ ಶಾಕ್ ಮಾಡಲು ಕಟ್ಟಿದ ಕಂಪನಿ. 2008ರಿಂದ ಕಂಪಾಸ್ ಡೈವರ್ಸಿಫೈಡ್ ಅನ್ನುವ ಹೂಡಿಕೆ ಸಂಸ್ಥೆಯ ಕೈಯಲ್ಲಿತ್ತು. ಬೆಲೆ ಮತ್ತೆ ಅದೇ 15 ಡಾಲರ್. ಇಲ್ಲೂ ಹಳೆಯ ಒಡೆಯರು ತಮ್ಮ ಪಾಲಿನಲ್ಲಿ ಒಂದಿಷ್ಟು ಮಾರಿದರು, ಕಂಪನಿಗೆ ಬಂದ ಹಣ ಸಾಲ ತೀರಿಸಲು ಹೋಯಿತು. ರಾಕ್‌ಶಾಕ್ಸ್ ನೆನಪಿದ್ದವರು ದೂರ ನಿಂತಿದ್ದರೆ ಅದನ್ನು ತಪ್ಪು ಅನ್ನಲಾಗುವುದಿಲ್ಲ. ಆದರೆ ಫಾಕ್ಸ್ ಬರೀ ಸೈಕಲ್ ನಂಬಿಕೊಂಡಿರಲಿಲ್ಲ. ಫೋರ್ಡ್‌ನ ರ‍್ಯಾಪ್ಟರ್ ಪಿಕಪ್ ಟ್ರಕ್ಕಿಗೂ ಶಾಕ್ ಅವರದ್ದೇ. ಆ ಕಡೆ ಬೆಳೆಯುತ್ತಾ ಹೋಯಿತು, 2022ರಲ್ಲಿ ಒಟ್ಟು ಮಾರಾಟ 160 ಕೋಟಿ ಡಾಲರ್ ಮುಟ್ಟಿತು. ಷೇರು 2021ರಲ್ಲೇ 180 ಡಾಲರ್ ದಾಟಿತ್ತು.

ಆ 180ರ ಹಿಂದೆ ಕೋವಿಡ್ ಇತ್ತು. ಲಾಕ್‌ಡೌನ್‌ನಲ್ಲಿ ಎಲ್ಲರಿಗೂ ಸೈಕಲ್ ಬೇಕಾಯಿತು, ಅಂಗಡಿಗಳಲ್ಲಿ ಸರಕು ಮುಗಿಯಿತು. ಹತ್ತು ಬೇಕಿದ್ದ ಅಂಗಡಿ ಇಪ್ಪತ್ತು ಕೇಳಿತು, ಇಪ್ಪತ್ತು ಕೇಳಿಸಿಕೊಂಡ ಸೈಕಲ್ ಕಂಪನಿ ಮೂವತ್ತಕ್ಕೆ ಭಾಗ ತರಿಸಿತು. ಬೇಡಿಕೆ ಇಳಿದಾಗ ಇದೇ ಸರಪಳಿ ತಿರುಗಾಮುರುಗಾ ಎಳೆಯುತ್ತದೆ. ಗೋದಾಮು ತುಂಬಿರುವ ಸೈಕಲ್ ಕಂಪನಿ ಹೊಸ ಭಾಗ ಕೇಳುವುದೇ ಇಲ್ಲ, ಹಾಗಾಗಿ ಅಂಗಡಿಯಲ್ಲಿ ಸ್ವಲ್ಪ ಇಳಿದದ್ದು ಬಿಡಿಭಾಗದವನ ಹತ್ತಿರ ಬರುವಷ್ಟರಲ್ಲಿ ದೊಡ್ಡ ಕುಸಿತವಾಗಿರುತ್ತದೆ. 2023ರಲ್ಲಿ ಆದದ್ದು ಅದೇ. 2025ರ ಬಹುಭಾಗ ಫಾಕ್ಸ್ ಷೇರು 30 ಡಾಲರ್‌ಗಿಂತ ಕೆಳಗೇ ಇತ್ತು. 15ಕ್ಕೆ ಕೊಂಡು ನಡುವೆ ಮಾರಿದವರು ಗೆದ್ದರು, 2021ರಲ್ಲಿ ಆಸೆಯಿಂದ ಹತ್ತಿದವರು ಇವತ್ತಿಗೂ ಲೆಕ್ಕ ಹಾಕುತ್ತಾ ಕೂತಿದ್ದಾರೆ.

ಶಿಮಾನೋ ಕೂಡ ಇದರಿಂದ ತಪ್ಪಿಸಿಕೊಳ್ಳಲಿಲ್ಲ. 1921ರಲ್ಲಿ ಜಪಾನಿನ ಸಕಾಯಿಯಲ್ಲಿ ಹುಟ್ಟಿ 1972ರಲ್ಲಿ ಲಿಸ್ಟ್ ಆದ, ಮೀನು ಹಿಡಿಯುವ ಗಾಳದ ರೀಲನ್ನೂ ಮಾಡುವ ಗಟ್ಟಿ ಕಂಪನಿ ಅದು. ಅದರ ಮಾರಾಟವೂ 2022ರ ಸುಮಾರು 62,900 ಕೋಟಿ ಯೆನ್‌ನಿಂದ ಮರುವರ್ಷ 47,400 ಕೋಟಿಗೆ ಜಾರಿತು. ಸಾಲದ್ದಕ್ಕೆ ಅಮೆರಿಕ ಮತ್ತು ಕೆನಡಾದಲ್ಲಿ 7 ಲಕ್ಷ 60 ಸಾವಿರ ಕ್ರ್ಯಾಂಕುಗಳ ತಪಾಸಣೆಯ ರೀಕಾಲ್ ಬಂದದ್ದೂ ಅದೇ 2023ರಲ್ಲಿ.

ಹಾಗಾದರೆ ಕೊಳ್ಳಬಾರದಾ? ನಾನು ಹಾಗೆ ಹೇಳುವುದಿಲ್ಲ. ಲಿಸ್ಟಿಂಗ್ ದಿನ ಬೇಡ ಅನ್ನುತ್ತೇನೆ. ಗೋದಾಮು ತುಂಬಿ ಎಲ್ಲರೂ ಮುಖ ತಿರುಗಿಸಿರುವ ವರ್ಷದಲ್ಲಿ ಕಂಪನಿಗೆ ಸಾಲ ಕಡಿಮೆ ಇದ್ದರೆ ಆಗ ನೋಡುತ್ತೇನೆ. ನಮ್ಮಲ್ಲಿ ಸೈಕಲ್ ಕಾರ್ಖಾನೆಗಳ ಊರಾದ ಲುಧಿಯಾನಾದ ಕಡೆಯಿಂದ ನಾಳೆ ಒಂದು ಬಿಡಿಭಾಗದ ಕಂಪನಿ ಬಂದರೂ ನನ್ನ ಲೆಕ್ಕ ಇದೇ. ಗ್ರೇ ಮಾರ್ಕೆಟ್ ಪ್ರೀಮಿಯಂ (ಲಿಸ್ಟಿಂಗ್‌ಗೆ ಮೊದಲೇ ಹೊರಗಡೆ ಓಡುವ ಹೆಚ್ಚುವರಿ ಬೆಲೆ) ಎಷ್ಟು ಅಂತ ಸುಮ್ನೆ ಕೇಳಿಕೊಂಡು ಓಡಾಡುವ ಬದಲು ಡಿಆರ್‌ಎಚ್‌ಪಿ (ಐಪಿಒಗೆ ಮೊದಲು ಕಂಪನಿ ಸಲ್ಲಿಸುವ ಕರಡು ವಿವರಪತ್ರ) ತೆಗೆದು, ಇದರಲ್ಲಿ ಹೊಸ ಷೇರು ಎಷ್ಟು, ಆಫರ್ ಫಾರ್ ಸೇಲ್ ಎಷ್ಟು ಅಂತ ನೋಡುತ್ತೇನೆ, ಯಾಕೆಂದರೆ ಆಫರ್ ಫಾರ್ ಸೇಲ್ ದುಡ್ಡು ಕಂಪನಿಗೆ ಹೋಗುವುದಿಲ್ಲ, ಹೊರಡುವವರ ಜೇಬಿಗೆ ಹೋಗುತ್ತದೆ. ಆಮೇಲೆ ಮೇಲಿನ ಐದು ಗಿರಾಕಿಗಳಿಂದ ಎಷ್ಟು ಪಾಲು ಮಾರಾಟ ಬರುತ್ತದೆ ಅನ್ನುವ ಸಾಲು ಹುಡುಕುತ್ತೇನೆ. ಅದು ಅರ್ಧಕ್ಕಿಂತ ಜಾಸ್ತಿ ಇದ್ದರೆ ಅಲ್ಲಿಗೇ ಮುಚ್ಚಿಡುತ್ತೇನೆ.

ಸ್ರಾಮ್ ಇವತ್ತಿಗೂ ಖಾಸಗಿ ಕಂಪನಿಯೇ. ಅದರ ಗೇರು ಬೇಕಿದ್ದರೆ ಅಂಗಡಿಯಲ್ಲಿ ಸಿಗುತ್ತದೆ.