ಸೆಲ್ಫ್ ರಿಯಾಕ್ಟಿವ್ ಟಿ ಸೆಲ್ ಏಳೋದು ಹೇಗೆ: ಸಿಗ್ನಲ್ 2 ಮೇಲೊಂದು ಟಿಪ್ಪಣಿ

ಸೆಲ್ಫ್ ರಿಯಾಕ್ಟಿವ್ ಟಿ ಸೆಲ್ ಅಂದ್ರೆ ನಮ್ಮದೇ ಮೈಯ ಪ್ರೋಟೀನನ್ನ ಗುರಿ ಮಾಡೋ ರೋಗನಿರೋಧಕ ಕೋಶ. ಟಿ ಸೆಲ್‌ಗಳು ಬೆಳೆಯೋ ಅಂಗ ಥೈಮಸ್, ಅದರ ಕಥೆ ಬೇಗ ಮುಗಿಸ್ತೀನಿ. ಏರ್ (AIRE) ಜೀನ್ ಇರೋದ್ರಿಂದ ಅಲ್ಲಿನ ಮೆಡುಲ್ಲಾ ಕೋಶಗಳು ಇನ್ಸುಲಿನ್ ಥರ ಬೇರೆ ಅಂಗಗಳ ಪ್ರೋಟೀನನ್ನೂ ತಯಾರಿಸಿ ತೋರಿಸ್ತವೆ, ಅದಕ್ಕೆ ಗಟ್ಟಿಯಾಗಿ ಅಂಟೋ ಟಿ ಸೆಲ್‌ಗಳು ಬಹುಪಾಲು ಅಲ್ಲೇ ಸಾಯ್ತವೆ, ಕೆಲವು ಟಿ ರೆಗ್ (ಬೇರೆ ಟಿ ಸೆಲ್‌ಗಳನ್ನ ಹತೋಟಿಯಲ್ಲಿಡೋ ಟಿ ಸೆಲ್) ಆಗ್ತವೆ. ಆದ್ರೂ ಒಂದಷ್ಟು ನುಸುಳ್ಕೊಂಡು ಬರ್ತವೆ, ಆರೋಗ್ಯವಾಗಿರೋರ ರಕ್ತದಲ್ಲೂ ಸಿಗ್ತವೆ.

ತಲೆ ತಿನ್ನೋದು ಇಲ್ಲಿಂದ. ಡೆಂಡ್ರೈಟಿಕ್ ಸೆಲ್ (ಡಿಸಿ) ನಮ್ಮದೇ ಸತ್ತ ಕೋಶಗಳ ಚೂರು ನುಂಗಿ, ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಂಡು) ಮಾಡಿ, ಎಂಎಚ್‌ಸಿ (ಪೆಪ್ಟೈಡನ್ನ ಎತ್ತಿ ತೋರಿಸೋ ಪ್ರೋಟೀನ್) ಮೇಲೆ ಇಟ್ಕೊಂಡು ಲಿಂಫ್ ನೋಡ್‌ಗೆ ಹೋಗಿ ದಿನಾ ತೋರಿಸ್ತಾನೇ ಇರುತ್ತೆ, ನುಸುಳಿದ ಟಿ ಸೆಲ್ಲೂ ಅಲ್ಲೇ ಓಡಾಡ್ತಿರುತ್ತೆ, ಹಾಗಾದ್ರೆ ಎಲ್ಲರಿಗೂ ಆಟೋಇಮ್ಯೂನ್ ಕಾಯಿಲೆ ಬರ್ಬೇಕಲ್ವಾ? ಬರಲ್ಲ, ಯಾಕಂದ್ರೆ ಪೆಪ್ಟೈಡ್ ಸಿಕ್ಕಿದ್ದು ಬರೀ ಸಿಗ್ನಲ್ 1. ಡಿಸಿ ಮೈಮೇಲೆ ಸಿಡಿ80, ಸಿಡಿ86 ಸಾಕಷ್ಟಿದ್ದು (ಎರಡನ್ನೂ ಸೇರಿಸಿ ಬಿ7 ಅಂತಾರೆ) ಅವು ಟಿ ಸೆಲ್‌ನ ಸಿಡಿ28ನ ಹಿಡಿದ್ರೇನೇ ಸಿಗ್ನಲ್ 2. ಅದಿಲ್ದೆ ಸಿಗ್ನಲ್ 1 ಮಾತ್ರ ಸಿಕ್ಕಿದ ಟಿ ಸೆಲ್ ಅನರ್ಜಿಗೆ (ಬದುಕಿದ್ರೂ ಪ್ರತಿಕ್ರಿಯೆ ಕೊಡದ ಸ್ಥಿತಿಗೆ) ಹೋಗುತ್ತೆ, ಇಲ್ಲಾ ಸಾಯುತ್ತೆ. ಅಂದ್ರೆ ಸುಮ್ನಿರೋ ಡಿಸಿ ಸೆಲ್ಫ್ ಪೆಪ್ಟೈಡ್ ತೋರಿಸ್ತಿದ್ರೆ ಟಾಲರೆನ್ಸ್ (ನಮ್ಮದನ್ನ ಸಹಿಸ್ಕೊಳ್ಳೋ) ಕೆಲಸ ನಡೀತಿದೆ ಅಂತ ಓದ್ಕೊಳ್ಳಿ.

ಬಿ7 ಏರೋದು ಡಿಸಿಯ ಟಿಎಲ್‌ಆರ್‌ಗೆ (ರೋಗಾಣು ಗುರುತಿಸೋ ರಿಸೆಪ್ಟರ್) ಬ್ಯಾಕ್ಟೀರಿಯಾ, ವೈರಸ್ ಭಾಗ ತಗುಲಿದಾಗ, ಅಥವಾ ಕೋಶ ಒಡೆದು ಒಳಗಿನದ್ದು ಹೊರಬಿದ್ದಾಗ. ಏರೋದು ಇಡೀ ಡಿಸಿ ಮೈಮೇಲೆ, ಇಂಥ ಪೆಪ್ಟೈಡ್‌ಗೆ ಮಾತ್ರ ಅಂತೇನಿಲ್ಲ. ಹಾಗಾಗಿ ಸೋಂಕು ಬಿ7 ಏರಿಸಿದಾಗ ಪಕ್ಕದಲ್ಲೇ ಕೂತಿರೋ ಸೆಲ್ಫ್ ಪೆಪ್ಟೈಡ್‌ಗೂ ಸಿಗ್ನಲ್ 2 ಪುಕ್ಕಟೆ ಸಿಗ್ಬಹುದು! ಇಎಇ (ಇಲಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಥರದ ಕಾಯಿಲೆ ಬರಿಸೋ) ಪ್ರಯೋಗ ನೋಡಿ: ಇಲಿಗೆ ಮಯಲಿನ್ (ನರದ ಹೊದಿಕೆ) ಪೆಪ್ಟೈಡ್ ಒಂದನ್ನೇ ಚುಚ್ಚಿದ್ರೆ ಸಾಮಾನ್ಯವಾಗಿ ಏನೂ ಆಗಲ್ಲ, ಅದೇ ಪೆಪ್ಟೈಡನ್ನ ಸತ್ತ ಮೈಕೋಬ್ಯಾಕ್ಟೀರಿಯಾ ಇರೋ ಫ್ರಾಯಿಂಡ್ ಅಡ್ಜುವಂಟ್ (ಇಮ್ಯೂನ್ ಪ್ರತಿಕ್ರಿಯೆ ಕೆರಳಿಸೋ ಮಿಶ್ರಣ) ಜೊತೆ ಕೊಟ್ರೆ ಬಾಲದಿಂದ ಶುರುವಾಗಿ ಹಿಂಗಾಲಿನ ಸ್ವಾಧೀನವೂ ಹೋಗುತ್ತೆ.

ಲೂಪಸ್ ಅನ್ನೋ ಆಟೋಇಮ್ಯೂನ್ ಕಾಯಿಲೆಯಲ್ಲಂತೂ ರೋಗಾಣು ಇರ್ಲೇಬೇಕು ಅಂತಿಲ್ಲ. ನಮ್ಮದೇ ಡಿಎನ್‌ಎ, ಆರ್‌ಎನ್‌ಎ ಆಂಟಿಬಾಡಿ ಜೊತೆ ಸೇರಿ ಕೋಶದೊಳಗಿನ ಟಿಎಲ್‌ಆರ್9, ಟಿಎಲ್‌ಆರ್7 ತಟ್ಟುತ್ತವೆ.

ನೆನಪಿಡೋಕೆ ನನ್ನಿಷ್ಟದ ಶಾರ್ಟ್‌ಕಟ್ ಎರಡು ಔಷಧಿ. ಸಿಟಿಎಲ್‌ಎ-4 ಅನ್ನೋ ಟಿ ಸೆಲ್‌ನ ಬ್ರೇಕ್ ಪ್ರೋಟೀನ್ ಸಿಡಿ28ಗಿಂತ ಬಿಗಿಯಾಗಿ ಬಿ7ಗೆ ಅಂಟುತ್ತೆ, ಟಿ ರೆಗ್ ಇದನ್ನ ಬಳಸಿ ಡಿಸಿ ಮೇಲಿನ ಬಿ7ನೇ ಕಿತ್ಕೊಳ್ಳುತ್ತೆ. ಸಿಟಿಎಲ್‌ಎ-4ರ ತುಣುಕಿನಿಂದ ಮಾಡಿದ, ಬಿ7ನ ಮುಚ್ಚೋ ಅಬಟಸೆಪ್ಟ್‌ಗೆ 2005ರಲ್ಲಿ ಅಮೆರಿಕದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್‌ಗೆ (ಕೀಲುಗಳ ಆಟೋಇಮ್ಯೂನ್ ಕಾಯಿಲೆ) ಒಪ್ಪಿಗೆ ಸಿಕ್ತು. ಉಲ್ಟಾ ಕೇಸು ಇಪಿಲಿಮುಮ್ಯಾಬ್, 2011, ಮೆಲನೋಮಾಗೆ (ಚರ್ಮದ ಕ್ಯಾನ್ಸರ್): ಅದು ಸಿಟಿಎಲ್‌ಎ-4ನ ತಡೆಯುತ್ತೆ, ಬ್ರೇಕ್ ಹೋದ ಟಿ ಸೆಲ್‌ಗಳಿಂದ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಥರದ ಸೈಡ್ ಎಫೆಕ್ಟ್ ಬರುತ್ತೆ.

ಸಿಗ್ನಲ್ 3 ಸೈಟೋಕೈನ್ (ಕೋಶಗಳು ಬಿಡೋ ಸಂದೇಶದ ಪ್ರೋಟೀನ್), ಟಿ ಸೆಲ್ ಯಾವ ಬಗೆಯಾಗ್ಬೇಕು ಅಂತ ಹೇಳೋದು ಇದು: ಐಎಲ್-12 ಇದ್ರೆ ಟಿಎಚ್1, ಟಿಜಿಎಫ್ ಬೀಟಾ ಜೊತೆ ಐಎಲ್-6 ಇದ್ರೆ ಟಿಎಚ್17. ಎಚ್‌ಎಲ್‌ಎ (ಮನುಷ್ಯರ ಎಂಎಚ್‌ಸಿ) ಸಂಬಂಧ, ಅಂದ್ರೆ ಡಿಆರ್4ಗೂ ರುಮಟಾಯ್ಡ್‌ಗೂ, ಡಿಕ್ಯೂ8ಗೂ ಟೈಪ್ 1 ಡಯಾಬಿಟಿಸ್‌ಗೂ ಇರೋ ನಂಟು, ಯಾವ ಪೆಪ್ಟೈಡ್ ಕೂರುತ್ತೆ ಅನ್ನೋ ವಿಷಯ, ಅದನ್ನ ಸಿಗ್ನಲ್ 1ರ ಕೆಳಗೆ ಬರ್ಕೊಳ್ಳಿ.