ಮೂರರಿಂದ ಎರಡಕ್ಕೆ ಇಳಿಯುವಾಗ

ಆಗುಂಬೆ ಘಾಟಿಯ ನೆತ್ತಿಯಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಳ್ಳಿ, ಸೋಮೇಶ್ವರದವರೆಗೆ ‘ಪುಕ್ಕಟೆ’ ಇಳಿಯುವವರು ಈಗಲೂ ಇದ್ದಾರೆ. ಹೊರಡುವ ಮುನ್ನ ಚಕ್ರದಡಿ ನಿಂಬೆಹಣ್ಣು ಇಟ್ಟಿರುತ್ತಾರೆ, ಗುಡಿಗೆ ಕಾಸು ಹಾಕಿರುತ್ತಾರೆ. ಅದರಿಂದ ನಷ್ಟವೇನಿಲ್ಲ. ಆದರೆ 14 ಹೇರ್‌ಪಿನ್ ತಿರುವುಗಳ ಆ ದಾರಿಯಲ್ಲಿ ಕಾರಿನ ಅತ್ಯಂತ ನಂಬಿಕಸ್ತ ಬ್ರೇಕಾದ ಎಂಜಿನ್ನನ್ನು ತಾವೇ ಬಿಚ್ಚಿಟ್ಟು ಇಳಿಯುತ್ತಿದ್ದೇವೆ ಎಂಬುದು ಅವರಿಗೆ ಹೊಳೆದಿರುವುದಿಲ್ಲ.

ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ ಪಳೆಯುಳಿಕೆ. ಫ್ಯೂಯಲ್ ಇಂಜೆಕ್ಷನ್ (ಕಂಪ್ಯೂಟರ್ ಅಳೆದು ಇಂಧನ ಚಿಮುಕಿಸುವ ಏರ್ಪಾಡು) ಇರುವ ಕಾರು ಗೇರಿನಲ್ಲಿದ್ದು, ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಎಂಜಿನ್ ವೇಗ ಸಾಕಷ್ಟಿರುವಷ್ಟು ಹೊತ್ತು ಕಂಪ್ಯೂಟರ್ ಇಂಜೆಕ್ಟರುಗಳನ್ನು ಪೂರ್ತಿ ಮುಚ್ಚುತ್ತದೆ. ಖರ್ಚು ಸೊನ್ನೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರಿಹೋಗದಂತೆ ಅದಕ್ಕೆ ಇಂಧನ ಉಣಿಸುತ್ತಲೇ ಇರಬೇಕು, ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು. ಇನ್ನು ಕೀಲಿಯನ್ನೇ ತಿರುಗಿಸಿ ಎಂಜಿನ್ ಆರಿಸುವ ಮಹಾಶಯರಿಗೆ, ಎರಡು ಮೂರು ಸಲ ಒತ್ತುವಷ್ಟರಲ್ಲಿ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನ ನಿರ್ವಾತ ಮುಗಿದು ಪೆಡಲ್ ಕಲ್ಲಾಗುತ್ತದೆ. ಕೀಲಿ ಹೊರಗೆಳೆದರಂತೂ ಸ್ಟಿಯರಿಂಗೇ ಲಾಕ್.

ಲೆಕ್ಕ ಹಾಕಿ ನೋಡೋಣ. ಜನರೂ ಸೇರಿ 1,200 ಕಿಲೋ ತೂಗುವ ಕಾರು ಸುಮಾರು 500 ಮೀಟರ್ ಕೆಳಗಿಳಿದರೆ ಹೆಚ್ಚುಕಡಿಮೆ 59 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. 18 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಗಾಳಿಯೂ ಟಯರೂ ಒಂದಷ್ಟು ಪಾಲು ತಿನ್ನುತ್ತವೆ. ನ್ಯೂಟ್ರಲ್‌ನಲ್ಲಾದರೆ ಮಿಕ್ಕದ್ದೆಲ್ಲ ನಾಲ್ಕು ಚಕ್ರಗಳ ಒಳಗಿನ ಬ್ರೇಕುಗಳ ಕಬ್ಬಿಣಕ್ಕೆ. ಅದು ಕಾದಂತೆ ಪ್ಯಾಡ್‌ಗಳ ಹಿಡಿತ ಸಡಿಲುತ್ತದೆ, ಶಾಖ ಬ್ರೇಕ್ ದ್ರವಕ್ಕೂ ಏರುತ್ತದೆ. ಡಾಟ್ 3 ಎಂಬ ದರ್ಜೆಯ ಬ್ರೇಕ್ ದ್ರವ ಹೊಸದಿದ್ದಾಗ 205 ಡಿಗ್ರಿಯವರೆಗಾದರೂ ಕುದಿಯಬಾರದು. ಆದರೆ ಗಾಳಿಯ ತೇವ ಹೀರಿ ಹಳತಾದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಕೊಳವೆಯಲ್ಲಿ ಆವಿಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲದಿರುವುದು ಹೀಗೆ.

ಗೇರಿನಲ್ಲಿದ್ದರೆ ಈ ಶಾಖದ ದೊಡ್ಡ ಪಾಲು ಎಂಜಿನ್ನಿಗೆ ಹೋಗುತ್ತದೆ, ಅದಕ್ಕೆ ರೇಡಿಯೇಟರ್ ಇದೆ. ಎಂಜಿನ್ ಹೇಗೆ ತಡೆಯುತ್ತದೆ ಎಂದು ಕೇಳಿದರೆ ಬಹುಪಾಲು ಜನ ‘ಕಂಪ್ರೆಷನ್’ ಎನ್ನುತ್ತಾರೆ. ಅದು ಅರೆಸತ್ಯ. ಒತ್ತಿದ ಗಾಳಿ ಸ್ಪ್ರಿಂಗಿನಂತೆ. ಪಿಸ್ಟನ್ ಮೇಲೆ ಹೋಗುವಾಗ ಕಸಿದುಕೊಂಡದ್ದನ್ನು ಕೆಳಗೆ ಬರುವಾಗ ಹೆಚ್ಚಿನಂಶ ಹಿಂದಿರುಗಿಸುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ನಿಜವಾಗಿ ಕಾರನ್ನು ಜಗ್ಗುವುದು ಮುಚ್ಚಿದ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಕದ. ಬಾಯಿಗೆ ಬೆರಳು ಒತ್ತಿಕೊಂಡ ಪಿಚಕಾರಿಯ ಹಿಡಿ ಎಳೆದಂತೆ, ಪ್ರತಿ ಪಿಸ್ಟನ್ನೂ ನಿರ್ವಾತದ ವಿರುದ್ಧ ಹೆಣಗುತ್ತದೆ. ಜೊತೆಗೆ ಪಿಸ್ಟನ್ನಿನ ಉಂಗುರ, ಬೇರಿಂಗ್‌ಗಳ ಘರ್ಷಣೆ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಹೀಗೆ ಗಾಳಿಯ ಗಂಟಲು ಹಿಸುಕುವ ಏರ್ಪಾಡಿಲ್ಲ. ಲಾರಿಗಳಿಗೆ ಹೊಗೆ ಹೋಗುವ ದಾರಿಯನ್ನೇ ಅಡ್ಡಗಟ್ಟುವ ಎಕ್ಸಾಸ್ಟ್ ಬ್ರೇಕ್ ಬೇಕಾದದ್ದು ಅದಕ್ಕೇ.

ಸರಿ, ಗೇರ್ ಇಳಿಸುವುದಕ್ಕೆ ಬರೋಣ. ಸಣ್ಣ ಕಾರೊಂದರ ಮೂರನೇ ಗೇರಿನ ಅನುಪಾತ (ಹೊರಗಿನ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ ಹೊಡೆಯುವ ಸುತ್ತು) 1.28, ಎರಡನೆಯದು 1.9 ಎಂದುಕೊಳ್ಳಿ. ಒಂದನ್ನೊಂದು ಭಾಗಿಸಿದರೆ ಸುಮಾರು ಒಂದೂವರೆ. 40 ಕಿ.ಮೀ. ವೇಗದಲ್ಲಿ ಮೂರನೆಯದರಲ್ಲಿ ನಿಮಿಷಕ್ಕೆ 2,000 ಸುತ್ತು ಹೊಡೆಯುತ್ತಿದ್ದ ಎಂಜಿನ್, ಅದೇ ವೇಗಕ್ಕೆ ಎರಡನೆಯದರಲ್ಲಿ 3,000 ಸುತ್ತಬೇಕು. ಈ ಸಾವಿರ ಸುತ್ತಿನ ಅಂತರವನ್ನು ಯಾರು ತುಂಬುತ್ತಾರೆ ಎಂಬುದೇ ಇಡೀ ವಿದ್ಯೆ.

ಅಂತರಗಳು ವಾಸ್ತವದಲ್ಲಿ ಎರಡು. ಮೊದಲನೆಯದು ಗೇರ್‌ಬಾಕ್ಸ್ ಒಳಗೆ, ಅದನ್ನು ತುಂಬುವುದು ಸಿಂಕ್ರೊ ಉಂಗುರ. ಕೋಲಾಟ ನೆನಪಿಸಿಕೊಳ್ಳಿ: ಇಬ್ಬರ ಲಯ ಕೂಡದೆ ಕೋಲು ಬೀಸಿದರೆ ಬೆರಳಿಗೆ ಪೆಟ್ಟು. ಅಥವಾ ಚಲಿಸುತ್ತಿರುವ ಬಸ್ಸು ಹತ್ತುವವನನ್ನು: ಪಕ್ಕದಲ್ಲಿ ಅದರಷ್ಟೇ ವೇಗದಲ್ಲಿ ಓಡಿ, ಆಮೇಲೆ ಕಂಬಿ ಹಿಡಿಯುತ್ತಾನೆ. ನೀವು ಗೇರ್ ಕಡ್ಡಿ ತಳ್ಳಿದಾಗ ಹಿತ್ತಾಳೆಯ ಉಂಗುರ ತನ್ನ ಶಂಕುವಿನಾಕಾರದ ಒಳಮೈಯಿಂದ ಗೇರಿನ ಶಂಕುವನ್ನು ಉಜ್ಜಿ, ಎಂಜಿನ್ನಿಗೆ ಅಂಟಿ ಬಿಡುವ ಕ್ಲಚ್ ಪ್ಲೇಟಿನಿಂದ ಹಿಡಿದು ಒಳಗಿನ ಶಾಫ್ಟುಗಳವರೆಗೆ ಎಲ್ಲವನ್ನೂ ಹೊಸ ವೇಗಕ್ಕೆ ಎಳೆದು ತರುತ್ತದೆ. ಅಲ್ಲಿಯವರೆಗೂ ಅದರ ಹಲ್ಲುಗಳು ಬಾಗಿಲಲ್ಲಿ ಅಡ್ಡ ನಿಂತ ಕಾವಲುಗಾರನಂತೆ, ಗೇರನ್ನು ಶಾಫ್ಟಿಗೆ ಕೂಡಿಸಲು ಜಾರಿ ಬರುವ ಸ್ಲೀವನ್ನು ತಡೆದಿರುತ್ತವೆ. ವೇಗ ಸಮವಾಯಿತೋ, ಉಜ್ಜಾಟ ನಿಂತು ಕಾವಲುಗಾರ ಪಕ್ಕಕ್ಕೆ ಸರಿಯುತ್ತಾನೆ. ಕಡ್ಡಿ ಅರೆಕ್ಷಣ ತಡೆದು ಜಾರುವುದು ಇದೇ ಕಾರಣಕ್ಕೆ. ಆ ಅರೆಕ್ಷಣ ಕೊಡದೆ ಗುದ್ದಿದರೆ ಸವೆಯುವುದು ಹಿತ್ತಾಳೆ. ಸದಾ ಕಡ್ಡಿಯ ಮೇಲೆ ಅಂಗೈ ಊರಿ ಓಡಿಸುವವರಂತೂ ಸ್ಲೀವನ್ನು ತಳ್ಳುವ ಒಳಗಿನ ಫೋರ್ಕನ್ನು ಅದಕ್ಕೇ ಒತ್ತಿ ತೇಯುತ್ತಲೇ ಇರುತ್ತಾರೆ.

ಈ ಉಂಗುರ ಮಾರುಕಟ್ಟೆಗೆ ಬಂದದ್ದು 1928ರಲ್ಲಿ, ಜನರಲ್ ಮೋಟರ್ಸ್‌ನ ಕ್ಯಾಡಿಲಾಕ್ ಕಾರುಗಳಲ್ಲಿ. ಅದನ್ನು ರೂಪಿಸಿದವರು ಅರ್ಲ್ ಥಾಂಪ್ಸನ್. ಅದಕ್ಕೂ ಮೊದಲು ಬಹುತೇಕ ಎಲ್ಲರೂ ಡಬಲ್ ಕ್ಲಚ್ ಮಾಡಲೇಬೇಕಿತ್ತು: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರಿಗೆ ಒಂದು ಒತ್ತು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು. ನಮ್ಮ ಹಳೆಯ ಅಂಬಾಸಿಡರ್, ಫಿಯೆಟ್‌ಗಳಲ್ಲೂ ಮೊದಲ ಗೇರಿಗೆ ಸಿಂಕ್ರೊ ಇರಲಿಲ್ಲ. ಕಾರು ಪೂರ್ತಿ ನಿಲ್ಲುವ ಮುನ್ನ ಮೊದಲಕ್ಕೆ ಹಾಕಲು ಹೋದವರಿಗೆ ‘ಕರ್ರ್’ ಎಂಬ ಉತ್ತರ ಸಿಗುತ್ತಿತ್ತು. ಇಂದಿನ ಕಾರಿಗೆ ಈ ಕಸರತ್ತು ಬೇಡ. ಮೂರರಿಂದ ಎರಡಕ್ಕೆ ಬರುವಾಗ ಮಾತ್ರ ಹಲ್ಲು ಕಡಿಯುತ್ತಿದ್ದರೆ ಎರಡನೇ ಗೇರಿನ ಸಿಂಕ್ರೊ ಸವೆದಿದೆ ಎಂದು ತಿಳಿಯಬಹುದು. ಗ್ಯಾರೇಜ್ ತಲುಪುವವರೆಗೆ ಡಬಲ್ ಕ್ಲಚ್ ಕೈಹಿಡಿಯುತ್ತದೆ.

ಎರಡನೆಯ ಅಂತರ ಎಂಜಿನ್ನಿಗೂ ಕ್ಲಚ್ ಪ್ಲೇಟಿಗೂ ನಡುವೆ. ಇದನ್ನು ಸಿಂಕ್ರೊ ತುಂಬಲಾರದು, ನಿಮ್ಮ ಬಲಗಾಲೇ ತುಂಬಬೇಕು. ಗೇರು ಎರಡಕ್ಕೆ ಬಿದ್ದು ಕ್ಲಚ್ ಇನ್ನೂ ಒತ್ತಿರುವಾಗಲೇ ಆಕ್ಸಿಲರೇಟರನ್ನು ಚುಟುಕಾಗಿ ಒತ್ತಿ, ಎಂಜಿನ್ ಸುತ್ತು ತೋರಿಸುವ ಮುಳ್ಳು 3,000ದ ಹತ್ತಿರ ಬರುತ್ತಿದ್ದಂತೆ ಕ್ಲಚ್ ಬಿಡಬೇಕು. ಸರಿಹೋದರೆ ಹಿಂದೆ ಕೂತವರ ತಲೆ ಅಲುಗದು. ಆಕ್ಸಿಲರೇಟರ್ ಒತ್ತದೆ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಎಂಜಿನ್ನನ್ನು ಎಳೆದೇರಿಸುವ ಹೊಣೆ ಟಯರುಗಳ ಮೇಲೆ. ಮಳೆಗಾಲದ ಪಾಚಿಗಟ್ಟಿದ ತಿರುವಿನಲ್ಲಿ ಮುಂಚಕ್ರ ಚಾಲಿತ ಕಾರು ಸ್ಟಿಯರಿಂಗ್ ಮಾತು ಕೇಳದೆ ನೇರ ಸಾಗುತ್ತದೆ, ಹಿಂಚಕ್ರ ಚಾಲಿತ ಜೀಪಿನ ಬಾಲ ಹೊರಳುತ್ತದೆ. ಲಯ ಇನ್ನೂ ಕೂಡದಿದ್ದರೆ ಕ್ಲಚ್ಚನ್ನು ಒಂದು ಸೆಕೆಂಡಿನಷ್ಟು ನಿಧಾನವಾಗಿ ಬಿಡಿ. ಪ್ಲೇಟು ತುಸು ಸವೆಯುತ್ತದೆ, ಅಷ್ಟೆ. ಹಿಮ್ಮಡಿಯಲ್ಲಿ ಆಕ್ಸಿಲರೇಟರ್, ಮುಂಗಾಲಿನಲ್ಲಿ ಬ್ರೇಕ್ ಒತ್ತುವ ರೇಸಿನವರ ಚಮತ್ಕಾರ ಘಾಟಿಗೆ ಬೇಕಿಲ್ಲ. ನೇರ ದಾರಿಯಲ್ಲೇ ಬ್ರೇಕ್ ಒತ್ತಿ ವೇಗ ಇಳಿಸಿ, ಆಮೇಲೆ ಗೇರು, ಕೊನೆಗೆ ತಿರುವು. ಈ ಕ್ರಮ ತಲೆಕೆಳಗಾಗಬಾರದು.

ಅನುಪಾತದ ಇನ್ನೊಂದು ಮುಖ ಅಪಾಯದ್ದು. 100 ಕಿ.ಮೀ. ವೇಗದಲ್ಲಿ ನಾಲ್ಕಕ್ಕೆಂದು ಹೊರಟ ಕೈ ತಪ್ಪಿ ಎರಡಕ್ಕೆ ಬಿದ್ದರೆ ಎಂಜಿನ್ 7,500ರ ಸಮೀಪಕ್ಕೆ ಚಿಮ್ಮುತ್ತದೆ. ಎಂಜಿನ್ ಮಿತಿ ಮೀರಿ ಸುತ್ತದಂತೆ ಕಾಯುವ ರೆವ್ ಲಿಮಿಟರ್ ಇಂಧನವನ್ನಷ್ಟೇ ಕಡಿಯಬಲ್ಲದು; ಇಲ್ಲಿ ತಿರುಗಿಸುತ್ತಿರುವುದು ಚಕ್ರ. ಸ್ಪ್ರಿಂಗು ಹಿಂದುಳಿದು ವಾಲ್ವ್ ಸಕಾಲಕ್ಕೆ ಮುಚ್ಚದೆ ಪಿಸ್ಟನ್ನಿಗೆ ಬಡಿಯಬಹುದು.

ಹಳೆಯ ಡ್ರೈವರುಗಳು ‘ಹತ್ತಿದ ಗೇರಿನಲ್ಲೇ ಇಳಿ’ ಎನ್ನುತ್ತಿದ್ದರು. ಬಲವಾದ ಎಂಜಿನ್ನುಗಳು ಮೂರರಲ್ಲೇ ಹತ್ತಿಬಿಡುವ ಈ ದಿನಗಳಲ್ಲಿ ಅದಕ್ಕಿಂತ ಒಂದು ಕಡಿಮೆ ಎಂದು ತಿದ್ದಿಕೊಳ್ಳುವುದು ಮೇಲು. ಬ್ರೇಕ್ ಪೆಡಲ್ ಮುಟ್ಟದೆಯೂ ವೇಗ ಏರದಿದ್ದರೆ ಗೇರು ಸರಿ. ಏರುತ್ತಿದ್ದರೆ ಬ್ರೇಕಿನಿಂದ ತಗ್ಗಿಸಿ ಇನ್ನೊಂದು ಇಳಿಸಿ. ಬ್ರೇಕನ್ನು ಸವರುತ್ತಲೇ ಇರಬೇಡಿ, ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ, ನಡುವೆ ಡಿಸ್ಕ್ ಆರಲಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಮೊದಲ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಕಾದ ಡಿಸ್ಕಿನ ಮೇಲೆ ಝರಿಯ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ.