ಜಾವಾ ಗಾಡಿಯ 6 ವೋಲ್ಟ್ ವೈರಿಂಗ್: ದೋಷ ಹುಡುಕುವ ಬಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳು ತಯಾರಾದವು. ಈಗ ಅವನ್ನು ಬಿಚ್ಚಿ ಹೊಸದರಂತೆ ಕಟ್ಟುವವರು ಜಾಸ್ತಿ ಆಗಿದ್ದಾರೆ, ಅದು ಖುಷಿಯ ವಿಷಯ. ಆದರೆ ಎಂಜಿನ್ ಕೆಲಸಕ್ಕೆ ಧೈರ್ಯವಾಗಿ ಕೈ ಹಾಕುವವರೂ ವೈರಿಂಗ್ ಬಂದಾಗ ಹಿಂಜರಿಯುತ್ತಾರೆ. ಹೆಡ್‌ಲೈಟ್ ಮಂಕಾಯಿತೇ? ‘6 ವೋಲ್ಟ್ ಅಂದ್ರೆ ಅಷ್ಟೇ, 12ಕ್ಕೆ ಬದಲಾಯಿಸಿಬಿಡಿ’ ಎಂಬ ಸಲಹೆ ತಕ್ಷಣ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. 6 ವೋಲ್ಟ್ ಸಾಕು. ಅದನ್ನು ದಾರಿಯಲ್ಲಿ ಕಳೆದುಕೊಳ್ಳಬಾರದು, ಅಷ್ಟೇ. ಎಲ್ಲಿ ಕಳೆದುಹೋಗುತ್ತಿದೆ ಎಂದು ಮೀಟರ್ ಹಿಡಿದು ಹುಡುಕುವುದೇ ಈ ಟಿಪ್ಪಣಿಯ ವಿಷಯ.

ಮೊದಲು ಒಂದು ಲೆಕ್ಕ ಮಾಡೋಣ, ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. 6 ವೋಲ್ಟಿನಲ್ಲಿ ಉರಿಯುವ 35 ವ್ಯಾಟ್ ಬಲ್ಬ್ ಸುಮಾರು 5.8 ಆಂಪಿಯರ್ ಎಳೆಯುತ್ತದೆ. ಅಂದರೆ ಉರಿಯುವಾಗ ಅದರ ಪ್ರತಿರೋಧ ಸುಮಾರು 1 ಓಮ್. ಈಗ ತುಕ್ಕು ಹಿಡಿದ ಒಂದೇ ಒಂದು ಜಾಯಿಂಟ್ 0.1 ಓಮ್ ಸೇರಿಸಿತು ಅಂದುಕೊಳ್ಳಿ. ಅಲ್ಲೇ ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಕಳೆದುಹೋಗುತ್ತದೆ. ಬಲ್ಬಿಗೆ ಸಿಗುವುದು 5.5 ವೋಲ್ಟಿಗಿಂತ ಕಡಿಮೆ. ಅದೇನು ದೊಡ್ಡ ನಷ್ಟ ಅನ್ನಿಸುವುದಿಲ್ಲ, ಅಲ್ವಾ? ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜ್ ಜೊತೆ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ತುಂಬಾ ಬೇಗ ಇಳಿಯುತ್ತದೆ. ಇಷ್ಟಕ್ಕೇ ಕಾಲು ಭಾಗಕ್ಕಿಂತ ಜಾಸ್ತಿ ಬೆಳಕು ಹೋಗುತ್ತದೆ. ಅದೇ ಕೆಟ್ಟ ಜಾಯಿಂಟ್ 12 ವೋಲ್ಟಿನ 35 ವ್ಯಾಟ್ ಬಲ್ಬಿನ ದಾರಿಯಲ್ಲಿದ್ದರೆ ನಷ್ಟ 0.3 ವೋಲ್ಟಿನ ಒಳಗೇ ಇರುತ್ತದೆ, ಕಣ್ಣಿಗೆ ಅಷ್ಟಾಗಿ ಕಾಣುವುದೇ ಇಲ್ಲ. 12ಕ್ಕೆ ಬದಲಾಯಿಸಿದ ಮೇಲೆ ‘ಸರಿಹೋಯ್ತು’ ಅನ್ನಿಸುವುದು ಇದರಿಂದಲೇ. ದೋಷ ಹೋಗಿಲ್ಲ, ಮರೆಯಾಗಿದೆ.

ಹಳೆಯ ಜಾವಾದ ಡೈನಮೊ 45 ವ್ಯಾಟಿನದು ಎಂಬುದನ್ನೂ ನೆನಪಿಡಿ. ಹೆಡ್‌ಲೈಟಿಗೆ 35, ಹಿಂದಿನ ದೀಪಕ್ಕೆ 5. ಅಲ್ಲಿಗೆ 40 ಆಯ್ತು. ಇಗ್ನಿಷನ್ ಕಾಯಿಲ್, ಹಾರ್ನ್, ಬ್ರೇಕ್ ಲೈಟ್ ಎಲ್ಲ ಇನ್ನೂ ಬಾಕಿ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಜಾಸ್ತಿ ವ್ಯಾಟಿನ ಬಲ್ಬ್ ಹಾಕಿದರೆ ಬೆಳಕು ಹೆಚ್ಚುವುದಿಲ್ಲ, ಬ್ಯಾಟರಿ ಇಳಿಯುತ್ತದೆ.

ಹಾಗಾದರೆ ಆ ಕೆಟ್ಟ ಜಾಯಿಂಟ್ ಎಲ್ಲಿದೆ? ಹೆಚ್ಚಿನವರು ಮಲ್ಟಿಮೀಟರನ್ನು ‘ಬೀಪ್’ ಗುಂಡಿಗೆ ಇಟ್ಟು ವೈರಿನ ಎರಡು ತುದಿ ಮುಟ್ಟಿಸಿ, ಸದ್ದು ಬಂದರೆ ವೈರ್ ಸರಿ ಇದೆ ಎನ್ನುತ್ತಾರೆ. ಈ ಪರೀಕ್ಷೆಯನ್ನು ನಂಬಬೇಡಿ. ಒಳಗೆ ತಾಮ್ರದ ಒಂದೇ ಎಳೆ ಉಳಿದಿದ್ದರೂ ಮೀಟರ್ ಕೂಗುತ್ತದೆ, ಯಾಕೆಂದರೆ ಅದು ಹರಿಸುವ ಕರೆಂಟು ತೀರಾ ಸಣ್ಣದು. ಓಮ್ ಅಳತೆಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸಾಮಾನ್ಯ ಮೀಟರಿನ ಸ್ವಂತ ವೈರುಗಳಿಗೇ 0.1ರಿಂದ 0.3 ಓಮ್ ಇರುತ್ತದೆ, ಅದರಲ್ಲಿ ನಾವು ಹುಡುಕುತ್ತಿರುವ 0.1 ಓಮ್ ಕಳೆದೇಹೋಗುತ್ತದೆ.

ಸರಿಯಾದ ದಾರಿ ಹೀಗೆ. ಚಾರ್ಜ್ ಆದ ಬ್ಯಾಟರಿ ಕೂರಿಸಿ, ಹೆಡ್‌ಲೈಟ್ ಹೊತ್ತಿಸಿ, ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದು ಬಲ್ಬ್ ಹೋಲ್ಡರಿಗೆ ಕರೆಂಟು ಬರುವ ಟರ್ಮಿನಲ್ ಮೇಲೆ. (ಇದು ನೆಗೆಟಿವ್ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್ ಅನ್ನು ಫ್ರೇಮಿಗೆ ಜೋಡಿಸಿದ ಗಾಡಿಯ ಲೆಕ್ಕ. ಲ್ಯೂಕಾಸ್ ವೈರಿಂಗಿನ ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತಿತ್ತು. ಆದ್ದರಿಂದ ಬ್ಯಾಟರಿ ಜೋಡಿಸುವ ಮೊದಲೇ ನಿಮ್ಮ ಮಾಡೆಲಿನ ವೈರಿಂಗ್ ಚಿತ್ರ ನೋಡಿ.) ಕರೆಂಟು ಹರಿಯುತ್ತಿರುವಾಗ ಮೀಟರ್ ತೋರಿಸುವ ಸಂಖ್ಯೆಯೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜು. 0.3ರ ಒಳಗಿದ್ದರೆ ಒಳ್ಳೆಯದು. 0.8 ಬಂತು ಅಂದುಕೊಳ್ಳಿ, ಆಗ ಎರಡನೇ ಕಡ್ಡಿಯನ್ನು ಹಿಂದಕ್ಕೆ ತನ್ನಿ: ಡಿಪ್ ಸ್ವಿಚ್ಚು, ಆಮೇಲೆ ಇಗ್ನಿಷನ್ ಸ್ವಿಚ್ಚು, ಆಮೇಲೆ ಫ್ಯೂಸ್. ಸಂಖ್ಯೆ ಎಲ್ಲಿ ಒಮ್ಮೆಗೇ ಇಳಿಯಿತೋ, ಅದರ ಮತ್ತು ಅದಕ್ಕೆ ಮೊದಲು ಅಳೆದ ಜಾಗದ ನಡುವೆ ದೋಷ ಇದೆ. ಇಗ್ನಿಷನ್ ಸ್ವಿಚ್ಚಿನ ಒಳಗಿನ ಹಿತ್ತಾಳೆ ಕಾಂಟ್ಯಾಕ್ಟು ಮತ್ತು ಫ್ಯೂಸ್ ಹೋಲ್ಡರಿನ ಸಡಿಲ ಹಿಡಿಕೆ, ಇವೆರಡರ ಮೇಲೆ ಮೊದಲು ಅನುಮಾನಪಡಿ.

ಇನ್ನು ಅರ್ತ್. ಹೊಸದಾಗಿ ಕಟ್ಟಿದ ಗಾಡಿಗೆಂದೇ ಬರುವ ಕಾಯಿಲೆ ಇದು. ಹಳೆಯ ಗಾಡಿಯಲ್ಲಿ ಫ್ರೇಮೇ ವಾಪಸ್ ದಾರಿ. ಬಣ್ಣ ಹೋಗಿ ತುಕ್ಕು ಹಿಡಿದಿದ್ದಾಗಲೂ ಹೇಗೋ ಉರಿಯುತ್ತಿದ್ದ ದೀಪ, ಫ್ರೇಮಿಗೆ ದಪ್ಪನೆಯ ಪೌಡರ್ ಕೋಟಿಂಗ್ ಮಾಡಿಸಿ ತಂದ ಮೇಲೆ ಮಂಕಾಗುತ್ತದೆ ಅಥವಾ ಉರಿಯುವುದೇ ಇಲ್ಲ. ಪೌಡರ್ ಕೋಟಿಂಗಿನಲ್ಲಿ ಕರೆಂಟು ಹರಿಯುವುದಿಲ್ಲ. ಎಂಜಿನ್ ಕೂರುವ ಬೋಲ್ಟು, ಹಿಂದಿನ ಮಡ್‌ಗಾರ್ಡಿನ ಬೋಲ್ಟು, ಬ್ಯಾಟರಿಯ ಅರ್ತ್ ವೈರ್ ಕೂರುವ ಜಾಗ, ಎಲ್ಲದರ ಕೆಳಗೂ ಈಗ ಆ ಪದರ ಕೂತಿರುತ್ತದೆ. ಇಷ್ಟು ಚೆಂದದ ಬಣ್ಣ ಕೆರೆಯಲು ಮನಸ್ಸು ಬರುವುದಿಲ್ಲ, ಅದು ನನಗೂ ಗೊತ್ತು. ಆದರೂ ವಾಷರ್ ಮುಚ್ಚುವಷ್ಟು ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವ ಲೋಹ ಕಾಣುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ತೆಳುವಾಗಿ ಗ್ರೀಸ್ ಸವರಿ. ಹೆಡ್‌ಲೈಟಿನ ಅರ್ತ್ ಹ್ಯಾಂಡಲ್ ಬೇರಿಂಗಿನ ಗುಂಡುಗಳ ಮೂಲಕವೇ ಫ್ರೇಮಿಗೆ ಹೋಗಬೇಕಾಗಿ ಬಂದರೆ, ಗ್ರೀಸ್ ತುಂಬಿದ ಆ ದಾರಿಯನ್ನು ನೆಚ್ಚಿಕೊಳ್ಳಬೇಡಿ. ಹೆಡ್‌ಲೈಟ್ ಒಳಗಿನಿಂದ ಬ್ಯಾಟರಿಯ ಅರ್ತ್ ತನಕ ಬೇರೆಯೇ ಒಂದು ವೈರ್ ಎಳೆಯಿರಿ. ಹೊರಗೆ ಕಾಣುವುದೂ ಇಲ್ಲ, ಗಾಡಿಯ ಹಳೆಯ ಅಂದ ಕೆಡುವುದೂ ಇಲ್ಲ. ಪರೀಕ್ಷೆ ಅದೇ: ದೀಪ ಉರಿಯುವಾಗ ಬಲ್ಬ್ ಹೋಲ್ಡರಿನ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆಯಿರಿ, 0.1 ವೋಲ್ಟ್ ಮೀರಬಾರದು.

ಫ್ಯೂಸ್ ಹಾಕಿದ ಕೂಡಲೇ ಹೋಗುತ್ತಿದ್ದರೆ ಮೇಲಿಂದ ಮೇಲೆ ಹೊಸ ಫ್ಯೂಸ್ ಸುಡಬೇಡಿ. ತಾಮ್ರದ ತಂತಿ ಸುತ್ತುವುದಂತೂ ಬೇಡವೇ ಬೇಡ. ಫ್ಯೂಸಿನ ಜಾಗದಲ್ಲಿ 6 ವೋಲ್ಟಿನ 21 ವ್ಯಾಟ್ ಬ್ರೇಕ್ ಬಲ್ಬ್ ಜೋಡಿಸಿ. ಎಲ್ಲಾದರೂ ಶಾರ್ಟ್ ಇದ್ದರೆ ಈ ಬಲ್ಬ್ ಪೂರ್ತಿ ಪ್ರಕಾಶದಲ್ಲಿ ಉರಿಯುತ್ತದೆ, ಆದರೆ 3.5 ಆಂಪಿಯರಿಗಿಂತ ಜಾಸ್ತಿ ಹರಿಯಲು ಬಿಡುವುದಿಲ್ಲ, ಹಾಗಾಗಿ ವೈರಿಂಗ್ ಸುಡುವುದಿಲ್ಲ. ಈಗ ಒಂದೊಂದೇ ಕವಲನ್ನು ಬಿಚ್ಚುತ್ತಾ ಹೋಗಿ, ಯಾವುದನ್ನು ಬಿಚ್ಚಿದಾಗ ಬಲ್ಬ್ ಆರಿತೋ ಅಲ್ಲೇ ಶಾರ್ಟ್. ಎಲ್ಲ ಬಿಚ್ಚದೆ ವೈರ್ ಕಂತೆಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿದರೂ ಕೆಲವೊಮ್ಮೆ ಬಲ್ಬ್ ಮಿನುಗಿ ಜಾಗ ತಿಳಿಯುತ್ತದೆ, ಹ್ಯಾಂಡಲ್ ತಿರುಗುವಾಗ ವೈರ್ ಮಡಿಚುವ ಕಡೆ ಮತ್ತು ಟ್ಯಾಂಕ್ ಕೂರುವ ಕಡೆ ಇದು ಜಾಸ್ತಿ. ಒಂದು ಎಚ್ಚರಿಕೆ ಇದೆ. ಕೀ ಆನ್ ಇದ್ದು ಪಾಯಿಂಟ್ (ಕಾಯಿಲಿನ ಕರೆಂಟು ಕಡಿದು ಕಿಡಿ ಬರಿಸುವ ಪುಟ್ಟ ಸ್ವಿಚ್ಚು) ಮುಚ್ಚಿದ್ದರೆ ಕಾಯಿಲ್ ಮೂಲಕವೂ ಕರೆಂಟು ಹರಿದು ಬಲ್ಬ್ ಸ್ವಲ್ಪ ಉರಿಯುತ್ತದೆ. ಅದು ಶಾರ್ಟ್ ಅಲ್ಲ. ಪಾಯಿಂಟಿನ ನಡುವೆ ಕಾಗದದ ತುಂಡು ಸಿಕ್ಕಿಸಿ ಪರೀಕ್ಷೆ ಮಾಡಿದರೆ ಗೊಂದಲ ಇರುವುದಿಲ್ಲ.

ಚಾರ್ಜಿಂಗ್ ಬಗ್ಗೆ ಚಿಕ್ಕದಾಗಿ. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ ಸುಮಾರು 6.3 ವೋಲ್ಟ್ ತೋರಿಸುತ್ತದೆ. ರೇಸ್ ಕೊಟ್ಟಾಗ ಅದು 7ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಮೊದಲು ರೆಗ್ಯುಲೇಟರ್ ಬದಲಾಯಿಸಲು ಹೋಗಬೇಡಿ, ಬಲಗಡೆಯ ಕವರ್ ಬಿಚ್ಚಿ ಡೈನಮೊ ನೋಡಿ. ಅದು ಕ್ರ್ಯಾಂಕಿನ ತುದಿಯಲ್ಲೇ ಕೂರುತ್ತದೆ. ಆ ಕಡೆಯ ಆಯಿಲ್ ಸೀಲ್ ಸವೆದರೆ ಎಣ್ಣೆ ಬಂದು ಕಮ್ಯುಟೇಟರ್ (ಬ್ರಷ್ ಉಜ್ಜುವ ತಾಮ್ರದ ಭಾಗ) ಮೇಲೆ ಕಾರ್ಬನ್ ಪುಡಿಯ ಜೊತೆ ಅಂಟುತ್ತದೆ. ಆಗ ಎಷ್ಟು ಸಲ ಬ್ರಷ್ ಹೊಸದು ಹಾಕಿದರೂ ಚಾರ್ಜಿಂಗ್ ಸರಿಹೋಗುವುದಿಲ್ಲ, ಸೀಲ್ ಬದಲಾಯಿಸಲೇಬೇಕು. ಬ್ಯಾಟರಿ ರಾತ್ರಿ ಬೆಳಗಾಗುವುದರಲ್ಲಿ ಇಳಿಯುತ್ತಿದ್ದರೆ ಕಟ್‌ಔಟ್ (ಎಂಜಿನ್ ನಿಂತಾಗ ಬ್ಯಾಟರಿಯನ್ನು ಡೈನಮೊದಿಂದ ಬಿಡಿಸುವ ಸ್ವಿಚ್ಚು) ಕಾಂಟ್ಯಾಕ್ಟು ಅಂಟಿಕೊಂಡಿರಬಹುದು. ಎಂಜಿನ್ ನಿಂತ ಮೇಲೂ ಬ್ಯಾಟರಿಯ ಕರೆಂಟು ವಾಪಸ್ ಡೈನಮೊಗೆ ಹರಿಯುತ್ತಿರುತ್ತದೆ, ಮುಟ್ಟಿದರೆ ಡೈನಮೊ ಬೆಚ್ಚಗಿರುತ್ತದೆ. ತಕ್ಷಣ ಬ್ಯಾಟರಿ ವೈರ್ ತೆಗೆಯಿರಿ, ಆರ್ಮೇಚರ್ (ಡೈನಮೊದ ಒಳಗೆ ತಿರುಗುವ ಸುರುಳಿ) ಸುಟ್ಟರೆ ಖರ್ಚು ದೊಡ್ಡದು.

ಕಿಡಿ ಬರದಿದ್ದಾಗಲೂ ವೋಲ್ಟ್ ಅಳತೆಯೇ ದಾರಿ. ಪಾಯಿಂಟ್ ಮುಚ್ಚಿಟ್ಟು ಕೀ ಆನ್ ಮಾಡಿ. ಕಾಯಿಲಿಗೆ ಕರೆಂಟು ಬರುವ ಟರ್ಮಿನಲಿನಲ್ಲಿ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟೇಜ್ ಇರಬೇಕು. ಪಾಯಿಂಟಿಗೆ ಹೋಗುವ ಟರ್ಮಿನಲಿನಲ್ಲಿ ಸೊನ್ನೆಯ ಹತ್ತಿರ ಇರಬೇಕು. ಅಲ್ಲಿ 0.2ಕ್ಕಿಂತ ಜಾಸ್ತಿ ಬಂದರೆ ಪಾಯಿಂಟ್ ಕೊಳೆಯಾಗಿದೆ ಅಥವಾ ಅದರ ಪ್ಲೇಟಿಗೆ ಅರ್ತ್ ಸರಿಯಿಲ್ಲ. ಹೊಚ್ಚಹೊಸ ಪಾಯಿಂಟಿನ ಮೇಲೂ ತುಕ್ಕು ಹಿಡಿಯದಂತೆ ಸವರಿದ ಎಣ್ಣೆ ಇರಬಹುದು, ಪೆಟ್ರೋಲಿನಲ್ಲಿ ಒರೆಸಿ ಹಾಕಿ. ಗ್ಯಾಪ್ 0.4 ಮಿಲಿಮೀಟರ್, ಫೀಲರ್ ಗೇಜಿನಲ್ಲೇ ನೋಡಿ.

ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಂತುಹೋಗಿ, ಆರಿದ ಮೇಲೆ ಮತ್ತೆ ಹೊರಡುವ ಗಾಡಿಯಲ್ಲಿ ಕಂಡೆನ್ಸರ್ (ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಭಾಗ) ಅಥವಾ ಕಾಯಿಲ್ ಎರಡರಲ್ಲಿ ಒಂದು ಸೋಲುತ್ತಿರುತ್ತದೆ. ಪಾಯಿಂಟಿನಲ್ಲಿ ದೊಡ್ಡ ನೀಲಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಜಾಸ್ತಿ. ಖಚಿತ ಮಾಡಿಕೊಳ್ಳಲು ಹಳೆಯದರ ವೈರ್ ಬಿಚ್ಚಿ, ಸರಿಯಿದೆ ಎಂದು ಗೊತ್ತಿರುವ ಒಂದು ಕಂಡೆನ್ಸರನ್ನು ಎಂಜಿನ್ ಬಿಸಿ ತಾಗದ ಕಡೆ ಹೊರಗೆ ಜೋಡಿಸಿ: ವೈರ್ ಪಾಯಿಂಟಿಗೆ, ಮೈ ಅರ್ತಿಗೆ. ಹಾಗೇ ಗಾಡಿ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಲ್ಲದೆ ಓಡಿದರೆ ಕಾಯಿಲಿಗೆ ದುಡ್ಡು ಹಾಕುವ ಅಗತ್ಯ ಇಲ್ಲ. ಮತ್ತೆ ನಿಂತರೆ ಕಾಯಿಲ್ ಬದಲಾಯಿಸಿ, ಕೊಳ್ಳುವಾಗ 6 ವೋಲ್ಟಿನದೇ ಎಂದು ನೋಡಿ ಕೊಳ್ಳಿ. ಅಂಗಡಿಯಲ್ಲಿ ಸುಲಭವಾಗಿ ಕೈಗೆ ಬರುವುದು 12 ವೋಲ್ಟಿನ ಕಾಯಿಲ್, ಅದನ್ನು 6ಕ್ಕೆ ಹಾಕಿದರೆ ಕಿಡಿ ದುರ್ಬಲವಾಗುತ್ತದೆ.